ಗಾಳಿ ಬಂದಾಗ ತೂರಿಕೊಳ್ಳುವ ರೇಡಿಯೊ ಅಲೆಗಳು

ಕಣದಲ್ಲಿ ರಾಶಿ ತೂರುವ ರೈತನಿಗೆ ಗಾಳಿಯೇ ಯಜಮಾನ. ಗಾಳಿ ಜೋರಾಗಿ ಬೀಸಿದಾಗ ಆತ ಮೊರ ತುಂಬ ಕಾಳು ಎತ್ತಿ ಸರಸರನೆ ಸುರಿಯುತ್ತಾನೆ. ಹೊಟ್ಟು ದೂರ ಹಾರುತ್ತದೆ, ಕಾಳು ಕಾಲ ಬುಡದಲ್ಲಿ ಬೀಳುತ್ತದೆ. ಗಾಳಿ ಇಳಿದಾಗ ಮೊರವನ್ನು ಓರೆ ಮಾಡಿ ಸಣ್ಣ ಧಾರೆಯಾಗಿ ಬಿಡುತ್ತಾನೆ. ಗಾಳಿ ನಿಂತೇಹೋದರೆ ಮೊರ ಇಳಿಸಿ ಸುಮ್ಮನೆ ಕಾಯುತ್ತಾನೆ. ಆಗ ಎಷ್ಟು ಬಲ ಹಾಕಿ ತೂರಿದರೂ ಹೊಟ್ಟು, ಕಾಳು ಬೇರೆಯಾಗುವುದಿಲ್ಲವೆಂದು ಅವನಿಗೆ ಗೊತ್ತು. ‘ಗಾಳಿ ಬಂದಾಗ ತೂರಿಕೋ’ ಎಂಬ ಗಾದೆಯ ಹಿಂದಿರುವುದು ಈ ಅನುಭವವೇ.

ಇಂದಿನ ಮೊಬೈಲ್ ಫೋನು ಮತ್ತು ಅದರ ಟವರ್ ಇದೇ ಗಾದೆಯನ್ನು ಸೆಕೆಂಡಿಗೆ ನೂರಾರು ಸಲ ಪಾಲಿಸುತ್ತಿರುತ್ತವೆ. ಇಲ್ಲಿ ಗಾಳಿಯೆಂದರೆ ಇವೆರಡರ ನಡುವಿನ ರೇಡಿಯೊ ಹಾದಿ. ಹಾದಿ ಚೆನ್ನಾಗಿದ್ದಾಗ ಮಾಹಿತಿಯನ್ನು ಮೊರ ತುಂಬ ಸುರಿಯುವುದು, ಕೆಟ್ಟಾಗ ಸಣ್ಣ ಧಾರೆಯಾಗಿ ಬಿಡುವುದು, ತೀರಾ ಹದಗೆಟ್ಟಾಗ ಕಾಯುವುದು. ಎಂಜಿನಿಯರರು ಇದನ್ನು ‘ಅಡಾಪ್ಟಿವ್ ಮಾಡ್ಯುಲೇಷನ್’ ಎನ್ನುತ್ತಾರೆ. ಸಂದರ್ಭಕ್ಕೆ ಹೊಂದಿಕೊಳ್ಳುವ ಮಾಡ್ಯುಲೇಷನ್ ಎಂದು ಕನ್ನಡದಲ್ಲಿ ಹೇಳಬಹುದು.

ಇದು ಎಂಜಿನಿಯರಿಂಗ್ ಕಾಲೇಜಿನ ಪಾಠಕ್ಕಷ್ಟೇ ಸೇರಿದ ವಿಷಯವಲ್ಲ. ಒಂದೇ ಮನೆಯ ಜಗುಲಿಯಲ್ಲಿ ಪಾಠದ ವಿಡಿಯೊ ಸಲೀಸಾಗಿ ಓಡುತ್ತದೆ, ಅಡುಗೆಮನೆಯಲ್ಲಿ ಬರೀ ಚಕ್ರ ಸುತ್ತುತ್ತದೆ. ಆದರೆ ಅದೇ ಅಡುಗೆಮನೆಯಿಂದ ಕಳಿಸಿದ ಎರಡು ಸಾಲಿನ ಸಂದೇಶ ಮಾತ್ರ ತಪ್ಪದೆ ಹೋಗುತ್ತದೆ. ‘ಕಡ್ಡಿಗಳೆಲ್ಲ ತುಂಬಿವೆ, ಆದರೂ ನೆಟ್ ಇಲ್ಲ ಎನ್ನುತ್ತಾನೆ’ ಎಂದು ತಂದೆ ಮಗನ ಮೇಲೆ ರೇಗುವುದೂ ಉಂಟು. ಇದಕ್ಕೆಲ್ಲ ಉತ್ತರ ಈ ಹೊಂದಾಣಿಕೆಯಲ್ಲಿದೆ.

ಅಂಗಳದ ಚುಕ್ಕಿ, ಅಲೆಯ ಚುಕ್ಕಿ

ಮೊದಲು ಮಾಡ್ಯುಲೇಷನ್ ಎಂದರೇನು ಎಂದು ನೋಡೋಣ. ರೇಡಿಯೊ ಅಲೆ ತಾನಾಗಿ ಯಾವ ಸುದ್ದಿಯನ್ನೂ ಹೇಳುವುದಿಲ್ಲ. ಒಂದೇ ಎತ್ತರದಲ್ಲಿ, ಒಂದೇ ಲಯದಲ್ಲಿ ಏಳುತ್ತ ಬೀಳುತ್ತ ಸಾಗುವ ಅಲೆ ಬರಿಗೈಯ ಅಂಚೆಯಣ್ಣನಿದ್ದಂತೆ. ಸುದ್ದಿ ಕಳಿಸಬೇಕಾದರೆ ಅಲೆಯ ಯಾವುದಾದರೂ ಗುಣವನ್ನು ಸುದ್ದಿಗೆ ತಕ್ಕಂತೆ ಬದಲಾಯಿಸಬೇಕು. ಈ ಬದಲಾವಣೆಯೇ ಮಾಡ್ಯುಲೇಷನ್. ಹಳೆಯ ರೇಡಿಯೊ ಪೆಟ್ಟಿಗೆಯ ಮೇಲೆ ಎ.ಎಂ., ಎಫ್.ಎಂ. ಎಂಬ ಅಕ್ಷರಗಳಿರುತ್ತಿದ್ದವಲ್ಲ, ಅವುಗಳಲ್ಲಿನ ‘ಎಂ’ ಇದೇ. ಎ.ಎಂ.ನಲ್ಲಿ ಅಲೆಯ ಎತ್ತರ ಬದಲಾಗುತ್ತದೆ, ಎಫ್.ಎಂ.ನಲ್ಲಿ ಅಲೆಯ ಕಂಪನದ ವೇಗ ಬದಲಾಗುತ್ತದೆ.

ಮೊಬೈಲ್ ಫೋನಿನ ಮಾಹಿತಿಯೆಲ್ಲ ಸೊನ್ನೆ ಮತ್ತು ಒಂದುಗಳ ಸಾಲು. ಇವೇ ಬಿಟ್‌ಗಳು. ಇವನ್ನು ಸಾಗಿಸಲು ಅಲೆಯ ಎರಡು ಗುಣಗಳನ್ನು ಒಟ್ಟಿಗೆ ಬದಲಾಯಿಸುತ್ತಾರೆ. ಒಂದು ಅಲೆಯ ಎತ್ತರ. ಇನ್ನೊಂದು ಅಲೆ ಎಲ್ಲಿಂದ ಏಳಲು ತೊಡಗುತ್ತದೆ ಎಂಬ ‘ಫೇಸ್’. ಈ ಎರಡು ಅಳತೆಗಳನ್ನು ಕಾಗದದ ಮೇಲೆ ಗುರುತಿಸಿದರೆ ಒಂದು ಚುಕ್ಕಿ ಸಿಗುತ್ತದೆ. ಅಲೆಯ ಒಂದೊಂದು ತುಣುಕೂ ಒಂದೊಂದು ಚುಕ್ಕಿ. ಇಂಥ ಚುಕ್ಕಿಗಳ ಚಿತ್ರಕ್ಕೆ ಎಂಜಿನಿಯರರು ನಕ್ಷತ್ರಪುಂಜ ಎಂದು ಹೆಸರಿಟ್ಟಿದ್ದಾರೆ. ಕನ್ನಡಿಗರ ಕಣ್ಣಿಗೆ ಅದು ಥೇಟ್ ಚುಕ್ಕಿ ರಂಗೋಲಿಯೇ.

ನಾಲ್ಕು ಮೂಲೆಗೆ ನಾಲ್ಕೇ ಚುಕ್ಕಿ ಇಟ್ಟರೆ ಒಂದೊಂದು ಚುಕ್ಕಿಗೂ ಎರಡು ಬಿಟ್‌ಗಳ ಹೆಸರಿಡಬಹುದು: 00, 01, 10, 11. ಅಂದರೆ ಒಂದು ಚುಕ್ಕಿ ಕಳಿಸಿದರೆ ಎರಡು ಬಿಟ್ ಹೋದಂತೆ. ಸಾಲಿಗೆ ನಾಲ್ಕರಂತೆ ನಾಲ್ಕು ಸಾಲು, ಒಟ್ಟು 16 ಚುಕ್ಕಿ ಇಟ್ಟರೆ ಒಂದೊಂದು ಚುಕ್ಕಿ ನಾಲ್ಕು ಬಿಟ್ ಹೊರುತ್ತದೆ. ಎಂಟೆಂಟು ಸಾಲಿನ 64 ಚುಕ್ಕಿಯಲ್ಲಿ ಆರು ಬಿಟ್, ಹದಿನಾರು ಸಾಲಿನ 256 ಚುಕ್ಕಿಯಲ್ಲಿ ಎಂಟು ಬಿಟ್. ಸಮಯ ಅಷ್ಟೇ, ಅಲೆಯೂ ಒಂದೇ. ಚುಕ್ಕಿಗಳ ಸಂಖ್ಯೆ ಹೆಚ್ಚಿದಷ್ಟೂ ಹೊರೆ ಹೆಚ್ಚು. ವೈ-ಫೈಯ ಏಳನೆಯ ಪೀಳಿಗೆಯಲ್ಲಿ ಸಾಲಿಗೆ 64ರಂತೆ 64 ಸಾಲಿನ, ಅಂದರೆ 4096 ಚುಕ್ಕಿಗಳ ರಂಗೋಲಿಗೂ ಅವಕಾಶವಿದೆ. ಅದರಲ್ಲಿ ಒಂದು ಚುಕ್ಕಿಗೆ ಹನ್ನೆರಡು ಬಿಟ್.

ಹಾಗಿದ್ದರೆ ಯಾವಾಗಲೂ 4096 ಚುಕ್ಕಿಯನ್ನೇ ಬಳಸಬಾರದೇಕೆ? ತೊಂದರೆ ಇಲ್ಲಿದೆ. ಚುಕ್ಕಿ ಎಷ್ಟೇ ಹೆಚ್ಚಿದರೂ ಅಂಗಳ ದೊಡ್ಡದಾಗುವುದಿಲ್ಲ. ಟವರಿಗೆ ಇರುವ ವಿದ್ಯುತ್ ಬಲವೇ ಈ ಅಂಗಳದ ಅಳತೆ. ಅದೇ ಅಂಗಳದಲ್ಲಿ ಹೆಚ್ಚು ಚುಕ್ಕಿ ಇಟ್ಟರೆ ಅವು ಒಂದಕ್ಕೊಂದು ಒತ್ತಾಗುತ್ತವೆ. ಹಾದಿಯಲ್ಲಿ ಗದ್ದಲ ಬೇರೆ ಸೇರಿಕೊಳ್ಳುತ್ತದೆ. ಫೋನಿನೊಳಗಿನ ಎಲೆಕ್ಟ್ರಾನುಗಳು ಶಾಖದಿಂದಾಗಿ ಸದಾ ಜಿಗಿದಾಡುವುದರಿಂದ ಹುಟ್ಟುವ ಗದ್ದಲ ಒಂದು ಕಡೆ, ಪಕ್ಕದ ಟವರುಗಳಿಂದ ನುಸುಳಿ ಬರುವ ಅಲೆಗಳು ಇನ್ನೊಂದು ಕಡೆ. ಇಟ್ಟ ಚುಕ್ಕಿಯನ್ನು ಇವು ಅತ್ತಿತ್ತ ಸರಿಸುತ್ತವೆ. ನಾಲ್ಕೇ ಚುಕ್ಕಿ ದೂರ ದೂರ ಇದ್ದಾಗ ಸ್ವಲ್ಪ ಸರಿದರೂ ಯಾವ ಚುಕ್ಕಿಯೆಂದು ಹೇಳಬಹುದು. ಒತ್ತೊತ್ತಾಗಿ ಇಟ್ಟಾಗ ಕೂದಲೆಳೆ ಸರಿದರೂ ಪಕ್ಕದ ಚುಕ್ಕಿಯೆಂದು ತಪ್ಪಾಗಿ ಓದಿಕೊಳ್ಳುವ ಭಯ.

ಶಾನನ್ ಹಾಕಿದ ಗೆರೆ

ಈ ತಪ್ಪಿಗೂ ವೇಗಕ್ಕೂ ಇರುವ ಸಂಬಂಧವನ್ನು ಲೆಕ್ಕದಲ್ಲಿ ಕಟ್ಟಿಕೊಟ್ಟವನು ಅಮೆರಿಕದ ಕ್ಲಾಡ್ ಶಾನನ್. ಬೆಲ್ ಪ್ರಯೋಗಾಲಯದಲ್ಲಿದ್ದ ಆತ 1948ರಲ್ಲಿ ಪ್ರಕಟಿಸಿದ ಪ್ರಬಂಧದ ಒಂದು ಸೂತ್ರ ಇಂದಿಗೂ ಎಲ್ಲ ಸಂಪರ್ಕ ಎಂಜಿನಿಯರರ ಲಕ್ಷ್ಮಣರೇಖೆ. ಗದ್ದಲಕ್ಕಿಂತ ಸಂಕೇತ ಎಷ್ಟು ಪಟ್ಟು ಬಲವಾಗಿದೆ ಎಂದು ತಿಳಿದರೆ, ಒಂದು ಹರ್ಟ್ಸ್ ಅಗಲದ ಹಾದಿಯಲ್ಲಿ ಸೆಕೆಂಡಿಗೆ ಹೆಚ್ಚೆಂದರೆ ಎಷ್ಟು ಬಿಟ್‌ಗಳನ್ನು ತಪ್ಪಿಲ್ಲದೆ ಸಾಗಿಸಬಹುದು ಎಂಬುದನ್ನು ಆ ಸೂತ್ರ ಹೇಳುತ್ತದೆ.

ಸಂಕೇತ ಗದ್ದಲದ ಮೂರು ಪಟ್ಟಿದ್ದರೆ ಎರಡು ಬಿಟ್. 15 ಪಟ್ಟಿದ್ದರೆ ನಾಲ್ಕು. 63 ಪಟ್ಟಿದ್ದರೆ ಆರು. 255 ಪಟ್ಟಿದ್ದರೆ ಎಂಟು. ಲಾಗರಿದಮ್ ಕಲಿತ ವಿದ್ಯಾರ್ಥಿಗಳು ಇದರ ಗುಟ್ಟನ್ನು ಥಟ್ಟನೆ ಹಿಡಿಯಬಲ್ಲರು. ಪಟ್ಟಿಗೆ ಒಂದು ಕೂಡಿಸಿ, ಎರಡರ ಎಷ್ಟನೆಯ ಘಾತವೆಂದು ನೋಡಿದರೆ ಆಯಿತು.

ಈ ಅಂಕಿಗಳನ್ನು ಮೇಲಿನಿಂದ ಕೆಳಕ್ಕೆ ಓದಿದರೆ ಒಂದು ಸ್ವಾರಸ್ಯ ಕಾಣುತ್ತದೆ. ಸಂಕೇತದ ಬಲ 255 ಪಟ್ಟಿನಿಂದ 15 ಪಟ್ಟಿಗೆ ಇಳಿದರೆ, ಅಂದರೆ ಸುಮಾರು ಹದಿನೇಳರಲ್ಲಿ ಒಂದು ಪಾಲಾದರೆ, ವೇಗ ಎಂಟರಿಂದ ನಾಲ್ಕಕ್ಕೆ, ಬರೀ ಅರ್ಧಕ್ಕೆ ಇಳಿಯುತ್ತದೆ. ಪ್ರಕೃತಿ ಇಲ್ಲಿ ಉದಾರಿ. ಆದರೆ ಆ ಔದಾರ್ಯ ದಕ್ಕಬೇಕಾದರೆ ಕಳಿಸುವವನು ರಂಗೋಲಿಯನ್ನು 256 ಚುಕ್ಕಿಯಿಂದ 16 ಚುಕ್ಕಿಗೆ ತಕ್ಷಣ ಬದಲಾಯಿಸಬೇಕು. ಹಟ ಹಿಡಿದು 256 ಚುಕ್ಕಿಯನ್ನೇ ಕಳಿಸಿದರೆ ಅರ್ಧವೂ ತಲುಪದೆ ಎಲ್ಲವೂ ಕಲಸುಮೇಲೋಗರವಾಗುತ್ತದೆ.

ನಾಲ್ಕು ಬೆರಳಗಲದ ಆಟ

ಹಾದಿ ಇದ್ದಂತೆಯೇ ಇದ್ದಿದ್ದರೆ ಒಮ್ಮೆ ಅಳೆದು ಸುಮ್ಮನಾಗಬಹುದಿತ್ತು. ಆದರೆ ರೇಡಿಯೊ ಹಾದಿ ಗಾಳಿಗಿಂತ ಚಂಚಲ. ಟವರಿನಿಂದ ದೂರ ಹೋದಷ್ಟೂ ಬಲ ಕುಗ್ಗುತ್ತದೆ. ಗೋಡೆ, ಗುಡ್ಡ, ಎಲೆ ತುಂಬಿದ ಮರ ಎಲ್ಲವೂ ತಮ್ಮ ತಮ್ಮ ತೆರಿಗೆ ಕೀಳುತ್ತವೆ. ಇದೆಲ್ಲಕ್ಕಿಂತ ವಿಚಿತ್ರವಾದುದು ಪ್ರತಿಫಲನದ ಆಟ. ಒಂದೇ ಅಲೆ ನೇರವಾಗಿಯೂ ಬರುತ್ತದೆ, ಎದುರಿನ ಕಟ್ಟಡಕ್ಕೆ ಬಡಿದೂ ಬರುತ್ತದೆ, ನಿಂತ ಲಾರಿಗೆ ತಾಗಿಯೂ ಬರುತ್ತದೆ. ಬೇರೆ ಬೇರೆ ದಾರಿಯಲ್ಲಿ ಬಂದ ಈ ಅಲೆಗಳ ಏರುಗಳು ಒಂದಾದರೆ ಸಂಕೇತ ಬಲಗೊಳ್ಳುತ್ತದೆ. ಒಂದರ ಏರಿಗೆ ಇನ್ನೊಂದರ ಇಳಿತ ಸೇರಿದರೆ ಎರಡೂ ಅಳಿಸಿಹೋಗುತ್ತವೆ.

1800 ಮೆಗಾಹರ್ಟ್ಸ್‌ನ ಅಲೆಯ ಉದ್ದ ಸುಮಾರು 17 ಸೆಂಟಿಮೀಟರ್, ಒಂದು ಗೇಣಿಗಿಂತ ಕಡಿಮೆ. ಅದರ ಅರ್ಧದಷ್ಟು, ಅಂದರೆ ನಾಲ್ಕು ಬೆರಳಗಲ ಫೋನು ಸರಿದರೂ ಏರು ಇಳಿತವಾಗಬಹುದು. ಮೇಜಿನ ಮೇಲಿದ್ದ ಫೋನನ್ನು ಸ್ವಲ್ಪ ಆಚೀಚೆ ಸರಿಸಿದಾಗ ಒಮ್ಮೆಲೇ ನೆಟ್ ಬರುವುದು ಪವಾಡವೇನಲ್ಲ. ಗಂಟೆಗೆ 60 ಕಿ.ಮೀ. ವೇಗದ ಬಸ್ಸಿನಲ್ಲಿ ಕುಳಿತವರ ಫೋನು ಈ ನಾಲ್ಕು ಬೆರಳಗಲವನ್ನು ದಾಟಲು ತೆಗೆದುಕೊಳ್ಳುವ ಕಾಲ ಸೆಕೆಂಡಿನ ಸಾವಿರದ ಐದು ಭಾಗ ಮಾತ್ರ. ಕಣ್ಣು ಮಿಟುಕಿಸುವುದರೊಳಗೆ ಹಾದಿ ಹಲವು ಸಲ ಕೆಟ್ಟು ಹಲವು ಸಲ ಸರಿಹೋಗಿರುತ್ತದೆ.

ಕೊನೆಯ ಬೆಂಚಿನ ಲೆಕ್ಕ

ಹಿಂದಿನ ಎಂಜಿನಿಯರರು ಈ ಚಂಚಲತೆಗೆ ಒಂದೇ ಉಪಾಯ ಕಂಡುಕೊಂಡಿದ್ದರು. ಅತಿ ಕೆಟ್ಟ ಸ್ಥಿತಿಯನ್ನು ಊಹಿಸಿಕೊಂಡು ಅದಕ್ಕೆ ತಕ್ಕಂತೆ ನಿಧಾನವಾಗಿ ಕಳಿಸುವುದು. ಕೊನೆಯ ಬೆಂಚಿನಲ್ಲಿ ಕುಳಿತವನಿಗೂ ಅರ್ಥವಾಗಲೆಂದು ಇಡೀ ತರಗತಿಗೆ ಒಂದೊಂದೇ ಪದ ಬಿಡಿಸಿ ಹೇಳುವ ಮೇಷ್ಟ್ರ ಹಾಗೆ. ಆಕಾಶವಾಣಿಯಂಥ ಬಾನುಲಿಗೆ ಬೇರೆ ದಾರಿಯೂ ಇಲ್ಲ. ಹೇಳುವವನು ಒಬ್ಬ, ಕೇಳುವವರು ಲಕ್ಷಾಂತರ. ಯಾರಿಗೆ ಎಷ್ಟು ಕೇಳಿಸಿತೆಂದು ಕೇಳಿ ತಿಳಿಯುವ ಹಾದಿಯೇ ಇಲ್ಲ. ಮನೆಯ ತಾರಸಿಯ ಡಿಟಿಎಚ್ ತಟ್ಟೆಯದೂ ಇದೇ ಕಥೆ. ಜಡಿಮಳೆ ಬಂದಾಗ ಟೀವಿ ಚಿತ್ರ ಚೂರುಚೂರಾಗಿ ನಿಂತುಬಿಡುತ್ತದೆ, ಏಕೆಂದರೆ ಈ ಮನೆಯ ಮೇಲೆ ಮಳೆ ಸುರಿಯುತ್ತಿದೆ ಎಂದು ಉಪಗ್ರಹಕ್ಕೆ ಹೇಳುವವರಿಲ್ಲ. ಹೇಳಿದರೂ ಒಂದು ಮನೆಗಾಗಿ ದೇಶಕ್ಕೆಲ್ಲ ರಂಗೋಲಿ ಬದಲಾಯಿಸುವಂತಿಲ್ಲ.

1995ರಲ್ಲಿ ಭಾರತಕ್ಕೆ ಮೊಬೈಲ್ ಬಂದಾಗ ಅದರ ಜಿಎಸ್‌ಎಂ ವ್ಯವಸ್ಥೆಯೂ ಒಂದು ಸಲಕ್ಕೆ ಒಂದೇ ಬಿಟ್ ಕಳಿಸುತ್ತಿತ್ತು. ಟವರಿನ ಬುಡದಲ್ಲಿ ನಿಂತವನಿಗೂ ಅಷ್ಟೇ, ಎರಡು ಮೈಲಿ ಆಚೆ ಇದ್ದವನಿಗೂ ಅಷ್ಟೇ. ಮಾತಿಗೆ ಅದು ಸಾಕಿತ್ತು. ಮಾತು ಒಂದೇ ಸಮನೆ ಹರಿಯಬೇಕಾದದ್ದು. ಹಾದಿ ಚೆನ್ನಾಗಿದೆಯೆಂದು ಯಾರೂ ಎರಡು ಪಟ್ಟು ವೇಗದಲ್ಲಿ ಮಾತಾಡುವುದಿಲ್ಲವಲ್ಲ. ಆದ್ದರಿಂದ ಹಾದಿ ಕೆಟ್ಟಾಗ ಬಲ ಹೆಚ್ಚಿಸಿ ‘ಕೂಗು’ವುದು, ಚೆನ್ನಾಗಿದ್ದಾಗ ದನಿ ತಗ್ಗಿಸುವುದು ಆಗಿನ ರೀತಿಯಾಗಿತ್ತು. ಆದರೆ ಪಾಠ, ಪತ್ರ, ಚಿತ್ರಗಳ ಮಾತು ಬೇರೆ. ಅವು ಅರೆಕ್ಷಣ ಕಾದು ನಂತರ ಒಟ್ಟಿಗೆ ಬಂದರೂ ನಷ್ಟವಿಲ್ಲ.

ಹಾದಿಗೆ ತಕ್ಕಂತೆ ಬದಲಾಗುವ ಆಲೋಚನೆ ಅಷ್ಟು ಹೊಸದಲ್ಲ. ಕೇಳುವವನಿಂದ ಸುದ್ದಿ ಪಡೆದು ಪ್ರಸಾರದ ಬಲವನ್ನು ಬದಲಾಯಿಸುವ ಬಗ್ಗೆ ಜೆ.ಎಫ್. ಹೇಯ್ಸ್ 1968ರಲ್ಲೇ ಬರೆದಿದ್ದರು. ವೇಗವನ್ನೇ ಬದಲಾಯಿಸುವ ಬಗ್ಗೆ ಜೆ.ಕೆ. ಕೇವರ್ಸ್ 1972ರಲ್ಲಿ ಲೆಕ್ಕ ಹಾಕಿದರು. ಆದರೆ ಅಂದಿನ ಯಂತ್ರಗಳಿಗೆ ಅಷ್ಟು ಚುರುಕಿರಲಿಲ್ಲ, ರೇಡಿಯೊ ಹಾದಿಯಲ್ಲಿ ಹರಿಯುತ್ತಿದ್ದುದೂ ಬಹುಪಾಲು ಮಾತೇ. ಹೀಗಾಗಿ ಪ್ರಬಂಧಗಳು ಕಪಾಟಿನಲ್ಲಿ ಉಳಿದವು.

ತಂತಿಯ ಮೇಲೆ ಮಾತ್ರ ಈ ತಂತ್ರ ಬೇಗ ಬಂತು. 1990ರ ದಶಕದ ಕೊನೆಗೆ ಮನೆಯ ಟೆಲಿಫೋನಿನ ಮೂಲಕ ಇಂಟರ್‌ನೆಟ್ ಹಚ್ಚುತ್ತಿದ್ದ ಹಿರಿಯರಿಗೆ ಮೋಡೆಮ್ಮಿನ ಕಿರುಚಾಟ ನೆನಪಿರಬಹುದು. ಅದು ಬರಿಯ ಸದ್ದಾಗಿರಲಿಲ್ಲ. ಎರಡು ತುದಿಯ ಮೋಡೆಮ್ಮುಗಳು ತಂತಿಯ ಗುಣ ಪರೀಕ್ಷಿಸಿ, ಎಷ್ಟು ವೇಗ ಸಾಧ್ಯವೆಂದು ಪರಸ್ಪರ ಒಪ್ಪಂದಕ್ಕೆ ಬರುತ್ತಿದ್ದ ಮಾತುಕತೆ.

ರೇಡಿಯೊದಲ್ಲಿ ಈ ಆಲೋಚನೆಗೆ ಮರುಜೀವ ಬಂದದ್ದು ಅದೇ ದಶಕದಲ್ಲಿ. ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ರೇಮಂಡ್ ಸ್ಟೀಲ್ ಮತ್ತು ವಿಲಿಯಂ ವೆಬ್ ಚುಕ್ಕಿಗಳ ಸಂಖ್ಯೆಯನ್ನು ಕ್ಷಣಕ್ಷಣಕ್ಕೆ ಬದಲಾಯಿಸುವ ವಿಧಾನವನ್ನು ರೂಪಿಸಿದರು. ಅಮೆರಿಕದಲ್ಲಿ ಆಂಡ್ರಿಯಾ ಗೋಲ್ಡ್‌ಸ್ಮಿತ್ ತಮ್ಮ ಗುರು, ಭಾರತ ಮೂಲದ ಪ್ರವೀಣ್ ವರಾಯ ಅವರೊಂದಿಗೆ ಏರಿಳಿಯುವ ಹಾದಿಯ ಗರಿಷ್ಠ ಸಾಮರ್ಥ್ಯವನ್ನು ಲೆಕ್ಕ ಹಾಕಿದರು. ಉತ್ತರ ಅನೇಕರ ಊಹೆಗೆ ವಿರುದ್ಧವಾಗಿತ್ತು. ಹಾದಿ ಕೆಟ್ಟಾಗ ಕೂಗಬೇಡಿ, ಚೆನ್ನಾಗಿದ್ದಾಗ ಹೆಚ್ಚು ಬಲವನ್ನೂ ಹೆಚ್ಚು ವೇಗವನ್ನೂ ಬಳಸಿ, ತೀರಾ ಕೆಟ್ಟಾಗ ಸುಮ್ಮನಿರಿ ಎಂದು ಲೆಕ್ಕ ಹೇಳಿತು. ಕಣದ ರೈತ ಮಾಡುವುದೂ ಇದನ್ನೇ. 1997ರಲ್ಲಿ ಗೋಲ್ಡ್‌ಸ್ಮಿತ್ ಮತ್ತು ಸೂನ್-ಘೀ ಚುವಾ ಪ್ರಕಟಿಸಿದ ಪ್ರಬಂಧ, ಹೊಂದಿಕೊಳ್ಳದ ವ್ಯವಸ್ಥೆಗೆ ಹೋಲಿಸಿದರೆ ಇದರಿಂದ ನೂರು ಪಟ್ಟಿನವರೆಗೆ ಬಲ ಉಳಿಸಬಹುದೆಂದು ತೋರಿಸಿತು. 2020ರಲ್ಲಿ ಗೋಲ್ಡ್‌ಸ್ಮಿತ್ ಅವರಿಗೆ ಮಾರ್ಕೋನಿ ಪ್ರಶಸ್ತಿ ಬಂತು. ಆ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರು.

ಹದಿನೈದು ಮೆಟ್ಟಿಲ ಏಣಿ

ಇಂದು ಈ ಹೊಂದಾಣಿಕೆ ನಡೆಯುವ ಬಗೆ ಹೀಗೆ. ಟವರ್ ತನ್ನ ಅಲೆಗಳ ನಡುವೆ ಅಲ್ಲಲ್ಲಿ ಮೊದಲೇ ಗೊತ್ತಿರುವ ಚುಕ್ಕಿಗಳನ್ನು ಇಟ್ಟು ಕಳಿಸುತ್ತದೆ. ಅವು ಎಷ್ಟು ಅಳಿಸಿವೆ, ಎಷ್ಟು ಸರಿದಿವೆ ಎಂದು ಫೋನು ಅಳೆಯುತ್ತದೆ. ಅಳೆದು ಟವರಿಗೆ ಒಂದು ಅಂಕ ಕಳಿಸುತ್ತದೆ. ಶಾಲೆಯಲ್ಲಿ ಮಕ್ಕಳಿಗೆ ಅಂಕ ಕೊಟ್ಟಂತೆ ಇಲ್ಲಿ ಫೋನು ಹಾದಿಗೆ ಅಂಕ ಕೊಡುತ್ತದೆ. ಭಾರತದಲ್ಲಿ 2012ರ ಏಪ್ರಿಲ್‌ನಲ್ಲಿ ಕೋಲ್ಕತ್ತದಲ್ಲೂ, ಮೇ ತಿಂಗಳಲ್ಲಿ ಬೆಂಗಳೂರಿನಲ್ಲೂ ಶುರುವಾದ 4ಜಿಯಲ್ಲಿ ಈ ಅಂಕ ಮೂಲತಃ 1ರಿಂದ 15ರವರೆಗೆ. ಸೊನ್ನೆ ಎಂದರೆ ಏನೂ ಕೇಳಿಸುತ್ತಿಲ್ಲ ಎಂದರ್ಥ.

1ರಿಂದ 6ರವರೆಗೆ ನಾಲ್ಕು ಚುಕ್ಕಿ. 7ರಿಂದ 9ರವರೆಗೆ 16 ಚುಕ್ಕಿ. 10ರಿಂದ 15ರವರೆಗೆ 64 ಚುಕ್ಕಿ. ಜೊತೆಗೆ ತಪ್ಪು ತಿದ್ದಿಕೊಳ್ಳಲೆಂದು ಸೇರಿಸುವ ಹೆಚ್ಚುವರಿ ಬಿಟ್‌ಗಳ ಪ್ರಮಾಣವೂ ಬದಲಾಗುತ್ತದೆ. ಕೆಳಗಿನ ಮೆಟ್ಟಿಲಲ್ಲಿ ಕಳಿಸುವ 1024 ಬಿಟ್‌ಗಳಲ್ಲಿ ನಿಜವಾದ ಸುದ್ದಿ 78 ಮಾತ್ರ, ಉಳಿದದ್ದೆಲ್ಲ ಕಾವಲು. ಮೇಲಿನ ಮೆಟ್ಟಿಲಲ್ಲಿ 1024ರಲ್ಲಿ 948 ಸುದ್ದಿಯೇ. ಕೊನೆಗೆ ಲೆಕ್ಕ ಮಾಡಿದರೆ, ಒಂದನೆಯ ಮೆಟ್ಟಿಲಲ್ಲಿ ಒಂದು ಚುಕ್ಕಿ ಸರಾಸರಿ 0.15 ಬಿಟ್ ಹೊತ್ತರೆ, ಹದಿನೈದನೆಯದರಲ್ಲಿ 5.55 ಬಿಟ್ ಹೊರುತ್ತದೆ. ವ್ಯತ್ಯಾಸ ಸುಮಾರು 36 ಪಟ್ಟು! ಅದೇ ಟವರ್, ಅದೇ ಅಲೆ, ಅದೇ ಸಮಯ. ಟವರ್ ಸೆಕೆಂಡಿನ ಸಾವಿರದ ಒಂದು ಭಾಗಕ್ಕೊಮ್ಮೆ ಮೆಟ್ಟಿಲು ಬದಲಾಯಿಸಬಲ್ಲದು.

ಇಲ್ಲಿ ಇನ್ನೊಂದು ಕುತೂಹಲದ ಅಂಶವಿದೆ. ತಪ್ಪೇ ಆಗದಂಥ ಮೆಟ್ಟಿಲನ್ನು ಫೋನು ಕೇಳುವುದಿಲ್ಲ. ಕಳಿಸಿದ ಹತ್ತು ಕಂತೆಗಳಲ್ಲಿ ಒಂದು ಕೆಡಬಹುದಾದಷ್ಟು ಎತ್ತರದ ಮೆಟ್ಟಿಲನ್ನೇ ಕೇಳುತ್ತದೆ. ಕೆಟ್ಟ ಕಂತೆಯನ್ನು ಎಸೆಯದೆ ಇಟ್ಟುಕೊಂಡು, ಮತ್ತೊಮ್ಮೆ ತರಿಸಿ, ಎರಡನ್ನೂ ಕೂಡಿಸಿ ಓದಿಕೊಳ್ಳುತ್ತದೆ. ಹತ್ತಕ್ಕೆ ಹತ್ತೂ ಸರಿಯಾಗಿ ಬರುತ್ತಿದ್ದರೆ ಅಂಜಿಕೆಯಿಂದ ಕೆಳಗಿನ ಮೆಟ್ಟಿಲಲ್ಲೇ ನಿಂತಂತೆ. ಅಷ್ಟು ವೇಗ ದಂಡವಾದಂತೆ. ನೂರಕ್ಕೆ ನೂರು ಅಂಕವನ್ನೇ ಬಯಸುವ ತಂದೆತಾಯಿಗಳಿಗೆ ಈ ಲೆಕ್ಕ ಸೋಜಿಗವೆನಿಸಬಹುದು.

ಮನೆಯ ವೈ-ಫೈಯ ಕ್ರಮ ಸ್ವಲ್ಪ ಬೇರೆ. 1999ರ ವೈ-ಫೈ ನಿಯಮಗಳಲ್ಲೊಂದರಲ್ಲಿ ಸೆಕೆಂಡಿಗೆ 6 ಮೆಗಾಬಿಟ್‌ನಿಂದ 54 ಮೆಗಾಬಿಟ್‌ವರೆಗೆ ಎಂಟು ಮೆಟ್ಟಿಲುಗಳಿದ್ದವು. ಅಂಕ ಕೊಡುವ ಪದ್ಧತಿ ಅಲ್ಲಿರಲಿಲ್ಲ. ಕಳಿಸಿದ ಕಂತೆಗೆ ‘ತಲುಪಿತು’ ಎಂಬ ಮಾರೋಲೆ ಬಂದರೆ ಇನ್ನೊಂದು ಮೆಟ್ಟಿಲು ಹತ್ತಿ ನೋಡುವುದು, ಮಾರೋಲೆ ಬಾರದಿದ್ದರೆ ಒಂದು ಮೆಟ್ಟಿಲು ಇಳಿಯುವುದು. ಕತ್ತಲೆಯಲ್ಲಿ ಕಾಲಿಟ್ಟು ಮೆಟ್ಟಿಲು ತಡವಿದಂತೆ.

ಅಂಕ ಹಳಸಿದರೆ ಮಾತ್ರ ಕೆಲಸಕ್ಕೆ ಬಾರದು. ವೇಗದ ಬಸ್ಸಿನಲ್ಲಿರುವ ಫೋನು ಕಳಿಸಿದ ಅಂಕ ಟವರಿಗೆ ಮುಟ್ಟಿ ಅದರಂತೆ ಅಲೆ ಬರುವಷ್ಟರಲ್ಲಿ ಹಾದಿಯೇ ಬದಲಾಗಿರಬಹುದು. ಆಗ ಟವರ್ ಕ್ಷಣದ ಏರಿಳಿತವನ್ನು ಬಿಟ್ಟು ಸರಾಸರಿಯನ್ನೇ ನಂಬಬೇಕಾಗುತ್ತದೆ. 36 ಸಾವಿರ ಕಿ.ಮೀ. ಎತ್ತರದ ಉಪಗ್ರಹದ ಮೂಲಕ ಇಂಟರ್‌ನೆಟ್ ಕೊಡುವಾಗ ಸುದ್ದಿ ಹೋಗಿ ಬರಲು ಸುಮಾರು ಅರ್ಧ ಸೆಕೆಂಡ್ ಬೇಕು. ಆದರೂ ಅಲ್ಲಿ ಹೊಂದಾಣಿಕೆ ಚೆನ್ನಾಗಿ ನಡೆಯುತ್ತದೆ. ಅಲ್ಲಿ ಹಾದಿ ಕೆಡಿಸುವುದು ಮಳೆ. ಮಳೆ ಬಸ್ಸಿನಷ್ಟು ಅವಸರದ್ದಲ್ಲ.

ಗುಡ್ಡ ಹತ್ತಿದ ಮಕ್ಕಳು

2020ರಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿ ಪಾಠಗಳು ಫೋನಿಗೆ ಬಂದಾಗ, ಮಲೆನಾಡು ಮತ್ತು ಕರಾವಳಿಯ ಹಲವು ಹಳ್ಳಿಗಳ ಮಕ್ಕಳು ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತಿದರು. ಮಳೆಯಲ್ಲಿ ಕೊಡೆ ಹಿಡಿದು ಕುಳಿತರು. ಅವರ ಫೋನು ಕೆಟ್ಟಿರಲಿಲ್ಲ, ಅವರ ಬುದ್ಧಿಗೂ ಮಂಕು ಕವಿದಿರಲಿಲ್ಲ. ಕಣಿವೆಯ ಮನೆಯಲ್ಲಿ ಹಾದಿಗೆ ಸಿಗುತ್ತಿದ್ದ ಅಂಕ ಒಂದೋ ಎರಡೋ. ಕೆಲವೆಡೆ ಸೊನ್ನೆ. ಗುಡ್ಡದ ಮೇಲೆ ಟವರ್ ಕಣ್ಣಿಗೆ ಬಿದ್ದೊಡನೆ ಅಂಕ ಏರುತ್ತಿತ್ತು. ಶಾನನ್ನನ ಸೂತ್ರ ಓದದೆಯೇ ಆ ಮಕ್ಕಳು ಅದರ ಪ್ರಕಾರ ಸರಿಯಾದದ್ದನ್ನೇ ಮಾಡಿದ್ದರು.

ಅಂಕಗಳ ಈ ಅಂತರ ಎಷ್ಟು ದೊಡ್ಡದೆಂದು ಒಂದು ಲೆಕ್ಕದಲ್ಲಿ ನೋಡಬಹುದು. 50 ಮೆಗಾಬೈಟ್‌ನ ಒಂದು ಪಾಠದ ವಿಡಿಯೊ ಇದೆ ಎನ್ನೋಣ. ಅಂದರೆ 400 ಮೆಗಾಬಿಟ್. ಟವರಿಗೆ ಒಂದೇ ಆಂಟೆನಾ, ಹತ್ತು ಮೆಗಾಹರ್ಟ್ಸ್ ಅಗಲದ ಹಾದಿ ಇದೆ, ಬೇರೆ ಖರ್ಚುಗಳಿಲ್ಲ ಎಂದಿಟ್ಟುಕೊಂಡರೆ ಹದಿನೈದನೆಯ ಮೆಟ್ಟಿಲಲ್ಲಿರುವ ಪೇಟೆಯ ಹುಡುಗಿಗೆ ಸೆಕೆಂಡಿಗೆ 55 ಮೆಗಾಬಿಟ್ ಸಿಗುತ್ತದೆ. ಅವಳ ಪಾಠ ಏಳು ಸೆಕೆಂಡಿನಲ್ಲಿ ಇಳಿಯುತ್ತದೆ. ಒಂದನೆಯ ಮೆಟ್ಟಿಲಲ್ಲಿರುವ ಕಣಿವೆಯ ಹುಡುಗನಿಗೆ ಸಿಗುವುದು ಒಂದೂವರೆ ಮೆಗಾಬಿಟ್. ಅವನ ಪಾಠಕ್ಕೆ ನಾಲ್ಕು ನಿಮಿಷಕ್ಕೂ ಹೆಚ್ಚು ಬೇಕು. ಅದೂ ಇಡೀ ಟವರ್ ಅವನೊಬ್ಬನ ಸೇವೆಗೇ ನಿಂತಾಗ.

ಟವರ್ ಯಾರೊಬ್ಬರ ಸೇವೆಗೂ ನಿಲ್ಲುವುದಿಲ್ಲ. ಅದರ ಸಮಯ ಎಲ್ಲರ ನಡುವೆ ಹಂಚಿಹೋಗಬೇಕು. ಹಂಚುವುದು ಹೇಗೆ? ಇಬ್ಬರಿಗೂ ಅರ್ಧರ್ಧ ಸಮಯ ಕೊಟ್ಟರೆ ಹುಡುಗಿಗೆ 27 ಮೆಗಾಬಿಟ್, ಹುಡುಗನಿಗೆ ಮುಕ್ಕಾಲು. ಇಬ್ಬರಿಗೂ ಒಂದೇ ವೇಗ ಸಿಗಲಿ ಎಂದರೆ ನೂರರಲ್ಲಿ 97 ಪಾಲು ಸಮಯವನ್ನು ಹುಡುಗನಿಗೇ ಕೊಡಬೇಕು. ಆಗ ಇಬ್ಬರಿಗೂ ಒಂದೂವರೆ ಮೆಗಾಬಿಟ್‌ಗಿಂತ ತುಸು ಕಡಿಮೆ. ಹುಡುಗನಿಗೆ ವೇಗ ಎರಡರಷ್ಟಾಗುತ್ತದೆ, ಹುಡುಗಿ 27ರಿಂದ ಒಂದೂವರೆಗೆ ಜಾರುತ್ತಾಳೆ. ಟವರಿನೊಳಗೆ ಈ ಹಂಚಿಕೆ ಮಾಡುವುದು ಕಂಪ್ಯೂಟರ್ ಕಾರ್ಯಕ್ರಮಗಳು. ಯಾರಿಗೆ ಎಷ್ಟು ಎಂಬುದನ್ನು ಶಾನನ್ ಹೇಳುವುದಿಲ್ಲ. ಅದನ್ನು ಮನುಷ್ಯರೇ ತೀರ್ಮಾನಿಸುತ್ತಾರೆ.

ಇಷ್ಟಂತೂ ಸ್ಪಷ್ಟ. ಹೊಂದಿಕೊಳ್ಳುವ ಮಾಡ್ಯುಲೇಷನ್ ಇದ್ದುದನ್ನು ಪೋಲಾಗದಂತೆ ಬಳಸುತ್ತದೆ, ಇಲ್ಲದ್ದನ್ನು ಹುಟ್ಟಿಸುವುದಿಲ್ಲ. ಕಣಿವೆಯ ಹುಡುಗನ ಅಂಕ ಏರಬೇಕಾದರೆ ಟವರ್ ಹತ್ತಿರ ಬರಬೇಕು, ಅಥವಾ ಊರಿನವರೆಗೆ ಗಾಜಿನ ತಂತಿ ಬಂದು ಅಲ್ಲಿಂದ ಮನೆಗೆ ವೈ-ಫೈ ಹೋಗಬೇಕು. ದುಬಾರಿ ಫೋನು ಕೊಂಡರೆ ಅದರ ಹೆಚ್ಚಿನ ಆಂಟೆನಾಗಳಿಂದ ತುಸು ಲಾಭವಾದೀತು. ಗುಡ್ಡ ಅಡ್ಡವಿದ್ದರೆ ಅದನ್ನು ಸರಿಸುವ ಫೋನು ಯಾವ ಅಂಗಡಿಯಲ್ಲೂ ಇಲ್ಲ. ಸಾಲ ಮಾಡಿ ಹೊಸ ಫೋನು ಕೊಡಿಸಲು ಹೊರಟ ತಂದೆತಾಯಿಗಳು, ಅದೇ ಕಂಪನಿಯ ಸಿಮ್ ಇರುವ ನೆರೆಯವರ ಬೇರೆ ಫೋನಿನಲ್ಲಿ ವಿಡಿಯೊ ಓಡುತ್ತದೆಯೇ ಎಂದು ಮೊದಲು ನೋಡುವುದು ಜಾಣತನ. ಅಲ್ಲೂ ಓಡದಿದ್ದರೆ ಬೇರೆ ಕಂಪನಿಯ ಸಿಮ್ ಹಾಕಿ ನೋಡಬಹುದು, ಏಕೆಂದರೆ ಅದರ ಟವರ್ ಬೇರೆ ದಿಕ್ಕಿನಲ್ಲಿರಬಹುದು.

ಕಡ್ಡಿಗಳ ವಿಷಯಕ್ಕೆ ಬಂದರೆ, ಅವು ಮುಖ್ಯವಾಗಿ ತೋರಿಸುವುದು ಸಂಕೇತದ ಬಲವನ್ನು. ಪಕ್ಕದ ಟವರಿನ ಗದ್ದಲ ಎಷ್ಟಿದೆ, ಆ ಹೊತ್ತಿನಲ್ಲಿ ಟವರಿನ ಸಮಯವನ್ನು ಎಷ್ಟು ಜನ ಹಂಚಿಕೊಂಡಿದ್ದಾರೆ ಎಂಬುದನ್ನು ಅವು ಹೇಳುವುದಿಲ್ಲ. ಕಡ್ಡಿ ತುಂಬಿದ್ದೂ ವಿಡಿಯೊ ನಿಂತರೆ ಮಕ್ಕಳು ಸುಳ್ಳು ಹೇಳುತ್ತಿದ್ದಾರೆ ಎಂದೇನೂ ಅಲ್ಲ.

ಕೆಳಗಿನ ಮೆಟ್ಟಿಲಿನಲ್ಲಿ ಇರಬೇಕಾದವರಿಗೂ ಕೆಲವು ಉಪಾಯಗಳುಂಟು. ಟವರ್ ಇರುವ ದಿಕ್ಕಿನ ಕಿಟಕಿಯ ಬಳಿ, ಎತ್ತರದಲ್ಲಿ ಫೋನು ಇಡುವುದು ಒಂದು. ಜನ ಕಡಿಮೆ ಬಳಸುವ ಬೆಳಗಿನ ಜಾವ ಪಾಠಗಳನ್ನು ಇಳಿಸಿಟ್ಟುಕೊಳ್ಳುವುದು ಇನ್ನೊಂದು. ಉಪಾಧ್ಯಾಯರೂ ಇಲ್ಲಿ ಕೈಜೋಡಿಸಬಹುದು. ಅರ್ಧ ಗಂಟೆಯ ವಿಡಿಯೊದ ಬದಲು ಬರೆದ ಟಿಪ್ಪಣಿ ಮತ್ತು ದನಿಮುದ್ರಣ ಕಳಿಸಿದರೆ ಒಂದನೆಯ ಮೆಟ್ಟಿಲಿನ ವಿದ್ಯಾರ್ಥಿಗೂ ಪಾಠ ಮುಟ್ಟುತ್ತದೆ.

ಮಾಡಿ ನೋಡಲು

ಮನೆಯಲ್ಲೋ ಶಾಲೆಯಲ್ಲೋ ವೈ-ಫೈ ಇರುವ ವಿದ್ಯಾರ್ಥಿಗಳು ಈ ಏಣಿಯನ್ನು ಕಣ್ಣಾರೆ ಕಾಣಬಹುದು. ಅನೇಕ ಫೋನುಗಳಲ್ಲಿ ವೈ-ಫೈಯ ವಿವರ ತೆರೆದರೆ ‘ಲಿಂಕ್ ಸ್ಪೀಡ್’ ಎಂಬ ಅಂಕಿ ಕಾಣುತ್ತದೆ. ರೂಟರ್ ಪೆಟ್ಟಿಗೆಯ ಪಕ್ಕದಿಂದ ಶುರುಮಾಡಿ ಎರಡೆರಡು ಹೆಜ್ಜೆಗೊಮ್ಮೆ ನಿಂತು, ಆ ಅಂಕಿ ಸ್ಥಿರವಾದ ಮೇಲೆ ಬರೆದುಕೊಳ್ಳಬೇಕು. ಗೋಡೆಯ ಆಚೆ, ಬಾಗಿಲು ಮುಚ್ಚಿ, ತೆರೆದು, ಕಬ್ಬಿಣದ ಬೀರುವಿನ ಹಿಂದೆ ನಿಂತೂ ನೋಡಬೇಕು. ನಂತರ ಗ್ರಾಫ್ ಹಾಳೆಯ ಮೇಲೆ ಹೆಜ್ಜೆಗಳನ್ನು ಅಡ್ಡಕ್ಕೂ ವೇಗವನ್ನು ಉದ್ದಕ್ಕೂ ಗುರುತಿಸಬೇಕು. ಅಂಕಿಗಳು ಇಳಿಜಾರಿನಂತೆ ನಯವಾಗಿ ಇಳಿಯದೆ ಥಟ್ಟನೆ ಒಂದು ಬೆಲೆಯಿಂದ ಇನ್ನೊಂದಕ್ಕೆ ಹಾರುವುದು ಗೊತ್ತಾಗುತ್ತದೆ. ಅಂಥ ಹಾರಿಕೆ ಸಾಮಾನ್ಯವಾಗಿ ರಂಗೋಲಿಯ ಚುಕ್ಕಿ ಬದಲಾದದ್ದರ ಅಥವಾ ಕಾವಲು ಬಿಟ್‌ಗಳ ಪ್ರಮಾಣ ಬದಲಾದದ್ದರ ಗುರುತು. ಒಂದೇ ಜಾಗದಲ್ಲಿ ನಿಂತು ಫೋನನ್ನು ನಾಲ್ಕು ಬೆರಳಗಲ ಸರಿಸಿದಾಗ ಅಂಕಿ ಹಾರಿದರೆ, ಹಾಳೆಯ ಅಂಚಿನಲ್ಲಿ ಅದನ್ನೂ ಬರೆದಿಡಬೇಕು. ಅಂಥ ಜಾಗದಲ್ಲಿ ಅಲೆಗಳು ಒಂದನ್ನೊಂದು ಅಳಿಸಿರುವ ಸಂಭವ ಹೆಚ್ಚು.